ಮುದುಕರ ರೂಟು

ಮಾರ್ಚ್ 2, ಸೋಮವಾರ

ಸಂಜೆ ಏಳು ಗಂಟೆ. ಇವತ್ತು ಲಾರಿ ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಗೇಟಿನ ಕಾವಲುಗಾರ ನನ್ನನ್ನು ಕಂಡು, "ಕ್ಯಾಂಟೀನ್ ಕೆಲಸ ಆದ್ರೆ ಹಿಂದಿನ ಬಾಗಿಲು" ಎಂದ. ಡ್ರೈವರ್ ಕೆಲಸ ಎಂದೆ. ಅವನು ಮುಖ ನೋಡಲಿಲ್ಲ, ಕಾಲು ನೋಡಿದ. "ಚಪ್ಪಲಿ ಹಾಕ್ಕೊಂಡು ಕ್ಲಚ್ ತುಳೀತೀರಾ?" ಅವನು ಹೇಳಿದ್ದು ಸರಿಯೇ. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಬೂಟು ತಂದೆ. ಗಂಡಸರ ಅಳತೆಯವೇ ಇದ್ದವು. ಮುಂದೆ ಬಟ್ಟೆ ತುರುಕಿದ್ದೇನೆ.

ಮ್ಯಾನೇಜರು ಯಾವ ರೂಟು ಬೇಕೆಂದು ಕೇಳಿದರು. ಎಲ್ಲಕ್ಕಿಂತ ದೂರದ್ದು ಎಂದೆ.

"ಹೋದ್ರೆ ನಾಲ್ಕೈದು ದಿನ ಮನೆ ಕಡೆ ಬರೋಕಾಗಲ್ಲಮ್ಮ. ಚಿಕ್ಕ ಮಗು ಇದೆ ಅಂತ ಹೇಳಿದ್ರಿ."

ಮಗುವನ್ನು ನೋಡಿಕೊಳ್ಳುವವರಿದ್ದಾರೆ ಎಂದೆ. ಈ ತಿಂಗಳು ಕಲಿಕೆ, ಏಪ್ರಿಲ್ ಒಂದರಿಂದ ದೂರದ ರೂಟು ಎಂದು ಮಾತಾಯಿತು.

ಸುಳ್ಳು ಹೇಳಲಿಲ್ಲ. ಪುಟ್ಟಿಯನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆಂದು ನನ್ನ ಗಂಡನ ಅಕ್ಕ ಮೊದಲಿನಿಂದಲೂ ಹೇಳುತ್ತಿದ್ದಾರೆ. "ತಮ್ಮನ ಮಗಳು ನನಗೇನು ಭಾರಾನಾ?" ಎನ್ನುತ್ತಾರೆ. ಅವರ ಮನೆ ದೊಡ್ಡದು, ಜೊತೆಗೆ ಆಡಲು ಮಕ್ಕಳಿದ್ದಾರೆ. ನಾನು ಹೂಂ ಎಂದಿದ್ದೇನೆ. ಮೂವತ್ತೊಂದಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ.

ಯಾರೂ ಓದುವುದಿಲ್ಲವೆಂದು ಬರೆಯುತ್ತೇನೆ. ಪುಟ್ಟಿ ಮಲಗಿದಾಗ ಮುಷ್ಟಿಯನ್ನು ಗದ್ದಕ್ಕೆ ಆನಿಸಿಕೊಳ್ಳುತ್ತಾಳೆ, ಥೇಟು ಅವಳ ಅಪ್ಪನ ಹಾಗೆ. ನಾನು ಗೋಡೆಯ ಕಡೆ ತಿರುಗಿ ಮಲಗುತ್ತೇನೆ. ಸಂಜೆ ಮೆಟ್ಟಿಲ ಮೇಲೆ ಯಾರ ಹೆಜ್ಜೆಯ ಸದ್ದಾದರೂ ಇವರು ಬಂದರೆಂದು ಎದ್ದು ನಿಲ್ಲುತ್ತೇನೆ. ಸಣ್ಣ ಜ್ವರವೆಂದು ಮಲಗಿದವರು ಏಳಲಿಲ್ಲ. ಮಳೆಗಾಲ ಹೋಗಿ ಚಳಿಗಾಲವೂ ಹೋಯಿತು, ನನ್ನ ಕಿವಿಗೆ ಇನ್ನೂ ತಿಳಿದಿಲ್ಲ. ದೂರದ ರಸ್ತೆಯಲ್ಲಿ ಮೆಟ್ಟಿಲುಗಳಿರುವುದಿಲ್ಲ.

ನಾಳೆ ಆರೂವರೆಗೆ ಹಾಜರಿ.

ಮಾರ್ಚ್ 3, ಮಂಗಳವಾರ

ದಿನವಿಡೀ ಗಾಡಿ ತೊಳೆದೆ. ಕಲಿಸುವವರು ಒಬ್ಬ ಹಿರಿಯ ಡ್ರೈವರು, ಯಾರ್ಡಿನಲ್ಲೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಕೀಲಿ ಕೊಡುವ ಬದಲು ಬಕೆಟ್ಟು ಕೊಟ್ಟರು. ಹೆಂಗಸೆಂದು ಹೀಗೆ ಮಾಡಿದರೆಂದು ಸಿಟ್ಟು ಬಂತು. ಮುಗಿದ ಮೇಲೆ ಬಂದು, "ಬೆನ್ನು ನೋಯ್ತಿದೆಯಾ ತಾಯಿ?" ಎಂದರು. ಹೌದೆಂದೆ.

"ಒಳ್ಳೇದು. ಗಾಡಿ ಎಷ್ಟುದ್ದ, ಎಷ್ಟಗಲ ಅಂತ ಈಗ ಬೆನ್ನಿಗೆ ಗೊತ್ತಾಯ್ತು. ಕಣ್ಣು ಮರೆತ್ರೂ ಬೆನ್ನು ಮರೆಯಲ್ಲ. ಗಂಡಸ್ರಿಗೂ ಮೊದಲ ದಿನ ಇದೇ ಪಾಠ."

ಊಟ ಮಾಡಲಿಲ್ಲ, ಹಸಿವಿರಲಿಲ್ಲ. ಅತ್ತೆ ತಟ್ಟೆ ಮುಚ್ಚಿಟ್ಟರು.

ಮಾರ್ಚ್ 5, ಗುರುವಾರ

ಕೀಲಿ ಕೊಟ್ಟರು. ಊರ ಹೊರಗಿನ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿದೆ. ನನ್ನಪ್ಪ ಬಸ್ ಡ್ರೈವರಾಗಿದ್ದವರು. ಮದುವೆಗೆ ಮುಂಚೆ ಹಟ ಹಿಡಿದು ನನಗೆ ದೊಡ್ಡ ಗಾಡಿಯ ಲೈಸೆನ್ಸು ಮಾಡಿಸಿದ್ದರು. ಅದು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಿದ್ದಿತ್ತು. ಇವರು ಅದನ್ನು ಕಂಡಾಗಲೆಲ್ಲ, "ಮನೆ ಓಡಿಸೋಕೂ ಲೈಸೆನ್ಸ್ ಬೇಕಾ?" ಎಂದು ನಗುತ್ತಿದ್ದರು. ಇವರಿದ್ದಿದ್ದರೆ ಇವತ್ತು ಗೇಟಿನ ಹತ್ತಿರ ಬಂದು ನಿಂತು ನೋಡುತ್ತಿದ್ದರು.

ಮುಂದಕ್ಕೆ ಓಡಿಸಲು ಬರುತ್ತದೆ. ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಕನ್ನಡಿ ನೋಡಿದರೆ ಎಡ ಬಲ ಕಲಸಿಹೋಗುತ್ತದೆ. ಸ್ಟೇರಿಂಗು ಒಂದು ಕಡೆ ತಿರುಗಿಸಿದರೆ ಹಿಂಭಾಗ ಇನ್ನೊಂದು ಕಡೆ ಹೋಗುತ್ತದೆ.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ತಾಯಿ, ಲಾರಿ ಹಿಂಭಾಗಕ್ಕೆ ಬೇಕು. ಕಿಟಕಿಯಿಂದ ಕತ್ತು ಚಾಚಬೇಡ" ಎಂದು ಮೇಸ್ತ್ರಿ ತಾವೇ ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ 9, ಸೋಮವಾರ

ಗೋದಾಮಿನ ಗೋಡೆಗೆ ಗುದ್ದಿದೆ.

ನಾನು ಹಿಂದಕ್ಕೆ ತೆಗೆಯುತ್ತಿದ್ದೆ, ಮೇಸ್ತ್ರಿ ಹಿಂದೆ ನಿಂತು ಗಾಡಿಯ ಮೈ ಬಡಿದು ದಾರಿ ಹೇಳುತ್ತಿದ್ದರು. ಟಪ್ ಎಂದು ಒಂದು ಬಡಿತ ಬಂತು. ನಿಲ್ಲಿಸಿದೆ. "ಯಾಕೆ ನಿಂತೆ?" ಎಂದು ಬೈದರು. ಮತ್ತೆ ಬಿಟ್ಟೆ. ಟಪ್ ಟಪ್ ಎಂದು ಎರಡು ಬಡಿತ ಬಂತು. ಧೈರ್ಯವಾಗಿ ಬಿಟ್ಟೆ. ಧಡ್ ಎಂದಿತು. ಹಿಂದಿನ ದೀಪ ಪುಡಿಪುಡಿಯಾಯಿತು. ಮೇಸ್ತ್ರಿ ಪಕ್ಕಕ್ಕೆ ಹಾರಿ ಬಚಾವಾದರು.

"ಎರಡು ಬಡಿದ್ರೆ ನಿಲ್ಲಿಸ್ಬೇಕು ಅಂತ ಗೊತ್ತಿಲ್ವಾ?"

"ಒಂದಕ್ಕಲ್ವಾ ನಿಲ್ಲೋದು? ಎರಡಕ್ಕೆ ಹೋಗೋದು."

"ಯಾವ ಲೋಕದ ಲೆಕ್ಕ ಇದು?"

ಬಸ್ಸಿನ ಲೆಕ್ಕ. ಕಂಡಕ್ಟರು ಒಂದು ಬೆಲ್ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಹುಟ್ಟಿದಾಗಿನಿಂದ ಕೇಳಿ ಬೆಳೆದದ್ದು ಅದನ್ನೇ. ಲಾರಿಯವರಲ್ಲಿ ತಿರುಗುಮುರುಗು, ಒಂದಕ್ಕೆ ಬಾ, ಎರಡಕ್ಕೆ ನಿಲ್ಲು. ಇಷ್ಟು ವರ್ಷ ಕಲಿಸಿದರೂ ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಹೊಳೆದೇ ಇರಲಿಲ್ಲ ಎಂದು ಮೇಸ್ತ್ರಿ ತಲೆ ಕೆರೆದುಕೊಂಡರು. ಮ್ಯಾನೇಜರು ಮಾತ್ರ ಬಂದು ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಎಲ್ಲರೆದುರು ಹೇಳಿ ಹೋದರು.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ನಮ್ಮ ಡಿಪೋದಲ್ಲಾಗಿದ್ರೆ ನಿನ್ನದೇನೂ ತಪ್ಪಿಲ್ಲ ಮಗಳೇ, ಗೋಡೆಯದೇ ತಪ್ಪು" ಎಂದು ನಕ್ಕರು. ಇವರೂ ಹೀಗೆಯೇ ಹೇಳುತ್ತಿದ್ದರು ಎನ್ನಿಸಿತು. ಫೋನ್ ಇಟ್ಟೆ.

ಮಾರ್ಚ್ 10, ಮಂಗಳವಾರ

ಯಾರ್ಡಿನಲ್ಲಿ ನನಗೆ ಹೆಸರಿಟ್ಟಿದ್ದಾರೆ. ಡಬಲ್ ಬೆಲ್. ಕಾವಲುಗಾರ ಗೇಟಿನ ಸರಳಿಗೆ ಎರಡು ಸಲ ಬಡಿದು "ರೈಟ್, ರೈಟ್" ಎಂದು ಒಳಗೆ ಬಿಟ್ಟ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಧ್ಯಾಹ್ನ ಎರಡು ಮೊಟ್ಟೆ ತಿಂದೆ.

ಮಾರ್ಚ್ 14, ಶನಿವಾರ

ಮೇಸ್ತ್ರಿ ಜೊತೆ ದೂರದ ರೂಟಿಗೆ ಹೋಗಿದ್ದವಳು ಇವತ್ತು ಮಧ್ಯಾಹ್ನ ಬಂದೆ. ಸರದಿಯಲ್ಲಿ ಓಡಿಸಿದೆವು.

ನನಗೆ ಬೇಕಾಗಿದ್ದುದು ಇದೇ. ಎತ್ತರದಲ್ಲಿ ಕೂತರೆ ರಸ್ತೆ ತಾನೇ ಬಂದು ಕಾಲ ಕೆಳಗೆ ಸೇರುತ್ತದೆ. ಗಂಟೆಗಟ್ಟಲೆ ಏನೂ ನೆನಪಾಗಲಿಲ್ಲ. ಕಷ್ಟವೆಂದರೆ ಪೆಟ್ರೋಲ್ ಬಂಕುಗಳಲ್ಲಿ ಹೆಂಗಸರ ಕಕ್ಕಸಿಗೆ ಬೀಗ. ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋಗಿರುತ್ತಾನೆ. ಒಂದು ಕಡೆ ಮೇಸ್ತ್ರಿ ಸಿಟ್ಟಾಗಿ, "ನಮ್ಮ ಡ್ರೈವರಿಗೆ ಕೀಲಿ ಸಿಗೋವರೆಗೂ ಗಾಡಿ ಇಲ್ಲೇ ಅಡ್ಡ ನಿಲ್ಲುತ್ತೆ" ಎಂದು ಬಂಕಿನ ದಾರಿಗೇ ನಿಲ್ಲಿಸಿಬಿಟ್ಟರು. ಕೀಲಿ ಓಡಿ ಬಂತು.

ನಿನ್ನೆ ಸಂಜೆ ಮನೆಗೆ ಫೋನ್ ಮಾಡಿದ್ದೆ. ಪುಟ್ಟಿ ಮಾತಾಡಲಿಲ್ಲ. ಫೋನು ಕಿವಿಗೆ ಹಿಡಿದಿದ್ದಾಳೆಂದು ಉಸಿರಿನಿಂದ ತಿಳಿಯುತ್ತಿತ್ತು. ಮೂಗು ಕಟ್ಟಿದಂತಿತ್ತು. "ನೆಗಡಿ ಬಂತಾ ಪುಟ್ಟಿ?" ಎಂದೆ. ಬರೀ ಉಸಿರು. ಆಮೇಲೆ ರಸ್ತೆಯ ಕಡೆ ಮನಸ್ಸು ಹೋಗಲಿಲ್ಲ. ಮೇಸ್ತ್ರಿ ಗೇರು ಗೇರು ಎಂದು ನೆನಪಿಸಬೇಕಾಯಿತು.

ಮನೆಗೆ ಬಂದಾಗ ಅವಳು ಅತ್ತೆಯ ಕಾಲ ಹಿಂದೆ ಅವಿತುಕೊಂಡಳು. ಅತ್ತೆ ನಗಿಸಲೆಂದು, "ಯಾರೇ ಬಂದಿರೋದು?" ಎಂದರು.

"ಲಾರಿ ಅಮ್ಮ."

"ಹಾಗಾದ್ರೆ ಮನೆ ಅಮ್ಮ ಎಲ್ಲೇ?"

"ಮನೆ ಅಮ್ಮ ಗೋಡೆ ನೋಡ್ತಾಳೆ."

ಅತ್ತೆ ನನ್ನ ಮುಖ ನೋಡಿ ಒಳಗೆ ಹೋದರು. ನಾನು ಬಾಗಿಲಲ್ಲೇ ಕೂತು ಬೂಟು ಬಿಚ್ಚಿದೆ. ಅದಕ್ಕೆ ಬಹಳ ಹೊತ್ತು ಹಿಡಿಯಿತು.

ಮಾರ್ಚ್ 15, ಭಾನುವಾರ

ಇವರ ಅಕ್ಕ ಬಂದಿದ್ದರು. ಪುಟ್ಟಿಗೆಂದು ಪುಟ್ಟ ಮಂಚ ಕೊಂಡಿದ್ದಾರಂತೆ, ಫೋನಿನಲ್ಲಿ ಚಿತ್ರ ತೋರಿಸಿದರು. ಬಾತುಕೋಳಿಗಳಿರುವ ಹೊದಿಕೆಯನ್ನು ಕೈಯಲ್ಲೇ ತಂದಿದ್ದರು. ಪುಟ್ಟಿ ಬಾತುಕೋಳಿಗಳಿಗೆಲ್ಲ ಮುತ್ತು ಕೊಟ್ಟಳು.

"ನೀನು ನಿಶ್ಚಿಂತೆಯಾಗಿ ಹೋಗು" ಎಂದರು ಅಕ್ಕ. "ಎಷ್ಟು ಚೆನ್ನಾಗಿ ನೋಡ್ಕೋತೀನಿ ಅಂದ್ರೆ, ವರ್ಷದಲ್ಲಿ ಮಗು ನಿನ್ನ ಮರೆತೇ ಬಿಡುತ್ತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅತ್ತೆ ಮಗಳ ಕಡೆ ತಿರುಗಿ, "ಬಾಯಿ ಬಿಟ್ರೆ ಬಣ್ಣಗೇಡು ಅನ್ನೋದು ನಿನ್ನ ನೋಡೇ ಇರಬೇಕು" ಎಂದರು.

"ನಾನೇನಂದೆ ಅಮ್ಮ?"

"ಏನೂ ಅನ್ಲಿಲ್ಲ. ಟೀ ಕುಡಿ."

ಅವರು ಹೋದ ಮೇಲೆ ಅತ್ತೆ ಒಣಗಿದ ಬಟ್ಟೆ ಮಡಚುತ್ತ ಕೂತರು. ಪುಟ್ಟಿಯ ಲಂಗವೊಂದನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಪುಟ್ಟಿ ಹೋದ್ಮೇಲೆ ಈ ಮನೇಲಿ ನಾನು ಯಾರ ಹತ್ರ ಜಗಳ ಆಡ್ಲಿ? ನಿನ್ನ ಹತ್ರ ಆಡೋಣ ಅಂದ್ರೆ ನೀನು ಬಾಯೇ ಬಿಡಲ್ಲ."

ಅತ್ತೆಗೂ ಹೀಗಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ನಾಳೆ ಟಾರ್ಪಾಲು ಕಟ್ಟುವುದನ್ನು ಕಲಿಸುತ್ತಾರಂತೆ.

ಮಾರ್ಚ್ 19, ಗುರುವಾರ

ಯಾರ್ಡಿನಲ್ಲಿ ಒಂದು ರೂಟು ಇದೆ. ಮುದುಕರ ರೂಟು ಎನ್ನುತ್ತಾರೆ. ಊರೊಳಗೇ ಸುತ್ತುವುದು. ಬಕೆಟ್ಟು, ಪೊರಕೆ, ಸೋಪು, ಬೆಂಕಿಪೊಟ್ಟಣ ಹೇರಿಕೊಂಡು ಬೆಳಿಗ್ಗೆ ಹೊರಟರೆ ಅಂಗಡಿ ಅಂಗಡಿಗೆ ನಿಲ್ಲಿಸಿ, ಸಂಜೆ ಆರಕ್ಕೆ ಗಾಡಿ ತಂದು ಬಿಡಬೇಕು. ಯಾವ ಡ್ರೈವರಿಗೂ ಅದು ಬೇಡ. ಅದರಲ್ಲಿ ಓಟವೂ ಇಲ್ಲ, ಹೆಸರೂ ಇಲ್ಲ. ಮಂಡಿ ಹೋದವರಿಗೆ ಕೊಡುತ್ತಾರೆ. ಈಗ ಅದನ್ನು ಓಡಿಸುತ್ತಿರುವ ತಾತ ಈ ತಿಂಗಳ ಕೊನೆಗೆ ಬಿಡುತ್ತಿದ್ದಾರೆಂದು ಟೀ ಕುಡಿಯುವಾಗ ಯಾರೋ ಹೇಳಿದರು.

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಲೋಟ ಇಟ್ಟು ನೇರ ಮ್ಯಾನೇಜರ ಕೋಣೆಗೆ ಹೋಗಿ ಆ ರೂಟು ನನಗೆ ಕೊಡಿ ಎಂದೆ.

"ಮೊನ್ನೆ ಮೊನ್ನೆ ಎಲ್ಲಕ್ಕಿಂತ ದೂರದ್ದು ಬೇಕು ಅಂದ್ರಿ."

"ಅಂದಿದ್ದೆ."

"ಏನಾಯ್ತೀಗ?"

ಮಗುವಿಗೆ ನೆಗಡಿ ಎಂದೆ.

ಅವರು ನನ್ನನ್ನೇ ನೋಡಿದರು. "ಆ ರೂಟಲ್ಲಿ ಒಂದು ಗಲ್ಲಿ ಇದೆ ಗೊತ್ತಾ? ಮುಂದೆ ದಾರಿ ಇಲ್ಲ, ತಿರುಗಿಸೋಕೆ ಜಾಗ ಇಲ್ಲ. ಹಿಂದಕ್ಕೇ ಒಳಗೆ ಹೋಗ್ಬೇಕು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚರಂಡಿ. ಅಂಗಳದಷ್ಟು ಜಾಗ ಇರೋ ಗೋದಾಮಲ್ಲೇ ಗುದ್ದಿದವ್ರು ನೀವು."

ಆಮೇಲೆ ಏನನ್ನಿಸಿತೋ, ಮೂವತ್ತನೇ ತಾರೀಖು ಪರೀಕ್ಷೆ ಎಂದರು. ಲೋಡು ತುಂಬಿದ ಗಾಡಿಯನ್ನು ಮೇಸ್ತ್ರಿಯ ಎದುರು ಆ ಗಲ್ಲಿಗೆ ಹಾಕಬೇಕು. ಗೋಡೆಗಾಗಲಿ ಚರಂಡಿಗಾಗಲಿ ತಾಗಬಾರದು. ಅಷ್ಟಾದರೆ ರೂಟು ನನ್ನದು. ಇಲ್ಲದಿದ್ದರೆ ಒಂದನೇ ತಾರೀಖು ದೂರದ ಗಾಡಿ ಹತ್ತಬೇಕು, ಮತ್ತೆ ಮಾತಿಲ್ಲ.

ಮನೆಯಲ್ಲಿ ಹೇಳಿಲ್ಲ. ಆಗದಿದ್ದರೆ ಪುಟ್ಟಿ ಹೋಗುವುದೇ. ಆಸೆ ಹುಟ್ಟಿಸಿ ಅತ್ತೆಯ ಕೈಯಿಂದ ಎರಡು ಸಲ ಕಿತ್ತುಕೊಂಡಂತಾಗುತ್ತದೆ.

ಮಾರ್ಚ್ 23, ಸೋಮವಾರ

ಗಲ್ಲಿ ನೋಡಿದೆ. ಗಲ್ಲಿಯ ಬಾಯಲ್ಲಿ ಒಬ್ಬ ಹೆಂಗಸು ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತಾಳೆ. ಒಳಗೆ ತುದಿಯಲ್ಲಿ ಅಂಗಡಿಯ ದಾಸ್ತಾನು ಕೋಣೆ. ನಡುವೆ ಗಾಡಿ ಹಿಡಿಸುತ್ತದೆ, ಆದರೆ ಗಾಡಿಯ ಜೊತೆಗೆ ಒಂದು ಬೆಕ್ಕೂ ಹಿಡಿಸುವುದಿಲ್ಲ.

ಖಾಲಿ ಗಾಡಿಯಲ್ಲಿ ಪ್ರಯತ್ನಿಸಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಹಾಗಾಯಿತು. ಮೂತಿ ಸರಿಯಾದರೆ ಬಾಲ ಚರಂಡಿಗೆ. ಬಾಲ ಸರಿಯಾದರೆ ಮೂತಿ ಗೋಡೆಗೆ. ಒಮ್ಮೆ ಇಸ್ತ್ರಿ ಮೇಜಿಗೆ ತಾಗಿ ಮಡಚಿಟ್ಟ ಅಂಗಿಗಳು ನೆಲಕ್ಕೆ ಬಿದ್ದವು.

"ಹೊಸಬಳಾ?" ಎಂದಳು ಅವಳು, ಅಂಗಿ ಕೊಡವುತ್ತ.

"ಹೌದು. ತಪ್ಪಾಯ್ತು ಅಕ್ಕ."

"ಅಂಗಿ ಯಜಮಾನ ನಿನಗಿಂತ ಕೆಟ್ಟದಾಗಿ ಗಾಡಿ ಓಡಿಸ್ತಾನೆ. ಬಿಡು."

ಮಾರ್ಚ್ 25, ಬುಧವಾರ

ಊಟವಾದ ಮೇಲೆ ನೆಲದ ಮೇಲೆ ಎರಡು ಪುಸ್ತಕವಿಟ್ಟು ಗಲ್ಲಿ ಮಾಡಿದೆ. ಬೆಂಕಿಪೊಟ್ಟಣವನ್ನು ಹಿಂದಕ್ಕೆ ತಳ್ಳಿ ಅಭ್ಯಾಸ ಮಾಡುತ್ತಿದ್ದೆ. ಪುಟ್ಟಿ ಬಂದು ಹೊಟ್ಟೆಯ ಮೇಲೆ ಮಲಗಿ ನೋಡಿದಳು. ನನ್ನ ಪೊಟ್ಟಣ ಪುಸ್ತಕಕ್ಕೆ ತಾಗಿದಾಗಲೆಲ್ಲ "ಧಡ್" ಎಂದಳು. ಕೊನೆಗೆ ಬೇಸತ್ತು ಪೊಟ್ಟಣವನ್ನು ಎತ್ತಿ ಒಳಗಿಟ್ಟುಬಿಟ್ಟಳು. "ಆಯ್ತು ಅಮ್ಮ" ಎಂದಳು.

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು, "ಏನಾಯ್ತು? ಯಾರು ನಕ್ಕಿದ್ದು?" ಎಂದರು.

ಆಮೇಲೆ ಇದೇನು ಆಟವೆಂದು ಕೇಳಿದರು. ಹೇಳದೆ ಉಪಾಯವಿರಲಿಲ್ಲ. ಗಲ್ಲಿ, ಮೂವತ್ತನೇ ತಾರೀಖು ಎಲ್ಲ ಹೇಳಿದೆ. ಅತ್ತೆ ಪುಸ್ತಕಗಳನ್ನು ಇನ್ನೂ ಹತ್ತಿರ ಸರಿಸಿದರು. "ಇಷ್ಟರಲ್ಲಿ ಕಲಿ. ಅಲ್ಲಿ ಅಗಲ ಕಾಣುತ್ತೆ."

ಮಾರ್ಚ್ 27, ಶುಕ್ರವಾರ

ಇವತ್ತೂ ಆಗಲಿಲ್ಲ. ಹಿಂದಿನ ಚಕ್ರ ಚರಂಡಿಯ ಅಂಚಿಗೆ ಹೋಯಿತು. ಮೇಸ್ತ್ರಿ ಬಡಿದೂ ಬಡಿದೂ ಕೈ ಕೆಂಪು ಮಾಡಿಕೊಂಡರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕನ್ನಡಿ ನೋಡಿದರೂ ಆ ಅಂಚು ಕನ್ನಡಿಯಲ್ಲಿ ಕಾಣುವುದೇ ಇಲ್ಲ.

ಮೇಸ್ತ್ರಿ ಟೀ ತರಲು ಹೋದಾಗ ಇಸ್ತ್ರಿಯಮ್ಮ ಕರೆದಳು. "ಒಂದು ಮಾತು ಹೇಳ್ಲಾ? ಕೋಪ ಮಾಡ್ಕೋಬಾರ್ದು."

"ಹೇಳಿ."

"ದಿನಾ ಬರ್ತಾನಲ್ಲ ನಿಮ್ಮ ತಾತ, ಅವನು ಇಳಿದು ನೋಡ್ತಾನೆ. ಚೂರು ಬಿಡ್ತಾನೆ, ಇಳೀತಾನೆ, ಹಿಂದೆ ಹೋಗಿ ನೋಡ್ತಾನೆ, ಮತ್ತೆ ಹತ್ತುತಾನೆ. ನಾನು ಒಂದು ಪ್ಯಾಂಟು ಮುಗಿಸೋದ್ರೊಳಗೆ ನಾಲ್ಕು ಸಲ ಹತ್ತಿ ಇಳೀತಾನೆ. ಉಳಿದ ಗಂಡಸ್ರು ಬಂದ್ರೆ ಕೂತಲ್ಲೇ ಕತ್ತು ಉದ್ದ ಮಾಡ್ತಾರೆ. ಇಳಿದ್ರೆ ಮರ್ಯಾದೆ ಹೋಗುತ್ತಂತೆ."

ಯಾರ್ಡಿಗೆ ಬರುವಾಗ ಮೇಸ್ತ್ರಿಯನ್ನು ಕೇಳಿದೆ, ಇಳಿದು ನೋಡಬಹುದೇ ಎಂದು. ಅವರು, "ಬೇಡ ಅಂತ ಯಾರೂ ಹೇಳಿಲ್ಲ ತಾಯಿ. ನಾವ್ಯಾರೂ ಇಳಿದಿಲ್ಲ, ಅಷ್ಟೆ. ಅದಕ್ಕೇ ಅದು ಮುದುಕರ ರೂಟು" ಎಂದರು.

ಮಾರ್ಚ್ 30, ಸೋಮವಾರ

ಸಂಜೆ ಆರೂಮು‌ಕ್ಕಾಲು. ಇನ್ನೂ ಬೂಟು ಬಿಚ್ಚಿಲ್ಲ. ಮರೆಯುವ ಮುಂಚೆ ಬರೆಯುತ್ತೇನೆ.

ಸೋಪಿನ ಪೆಟ್ಟಿಗೆ ತುಂಬಿದ್ದರು. ತುಂಬಿದ ಗಾಡಿಯ ನಡಿಗೆಯೇ ಬೇರೆ, ತಿನ್ನಿಸಿ ಎಬ್ಬಿಸಿದ ಮಗುವಿನ ಹಾಗೆ ನಿಧಾನ. ಗಲ್ಲಿಯ ಬಾಯಲ್ಲಿ ಮೇಸ್ತ್ರಿ ಇಳಿದು ಗೋಡೆಗೆ ಒರಗಿ ಕೈಕಟ್ಟಿ ನಿಂತರು. "ಇವತ್ತು ನಾನು ಬಡಿಯಲ್ಲ. ಗಾಡಿ ನಿನ್ನದು" ಎಂದರು. ಇಸ್ತ್ರಿಯಮ್ಮ ಹೇಳದೆಯೇ ಮೇಜು ಸರಿಸಿದ್ದಳು.

ಒಂದು ಮೊಳದಷ್ಟು ಹಿಂದಕ್ಕೆ ಬಿಟ್ಟೆ. ಹ್ಯಾಂಡ್ ಬ್ರೇಕ್ ಎಳೆದು ಇಳಿದೆ. ಚರಂಡಿಯಾಚೆಯ ಕಟ್ಟೆಯ ಮೇಲೆ ಹಿಂದಕ್ಕೆ ಹೋಗಿ ಬಗ್ಗಿ ಚಕ್ರಕ್ಕೂ ಚರಂಡಿಗೂ ನಡುವೆ ನನ್ನ ಬೂಟು ಇಟ್ಟು ನೋಡಿದೆ. ಬೂಟು ಹಿಡಿಸಿತು. ಹತ್ತಿದೆ. ಮತ್ತೆ ಒಂದು ಮೊಳ. ಮತ್ತೆ ಇಳಿದೆ. ಗೋಡೆಯ ಕಡೆ ಅಂಗೈ ತೂರಿಸಿ ನೋಡಿದೆ. ಅಂಗೈ ಹೋಗುತ್ತಿತ್ತು. ಹತ್ತಿದೆ.

ರಸ್ತೆಯಲ್ಲಿ ಗಾಡಿಗಳು ನಿಂತವು, ಹಾರನ್ ಶುರುವಾಯಿತು. ನಾನು ಮತ್ತೆ ಇಳಿದಾಗ ಕಾರಿನಿಂದ ಒಬ್ಬ ತಲೆ ಹೊರಗೆ ಹಾಕಿ, "ಯಾಕಮ್ಮ ಹತ್ತೋದು ಇಳಿಯೋದು ಆಟ ಆಡ್ತಿದ್ದೀಯಾ? ಮನೆಗೆ ಹೋಗಮ್ಮ" ಎಂದು ಕೂಗಿದ.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಾಗೇ ನಿಂತೆ. ನೋಡುವುದು ಬೇಡ, ಹತ್ತಿ ಉಳಿದದ್ದನ್ನು ಒಂದೇ ಸಲಕ್ಕೆ ಬಿಟ್ಟುಬಿಡೋಣ ಎನ್ನಿಸಿತು.

ಇಸ್ತ್ರಿಯಮ್ಮ ಕೆಂಡದ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಮನೆಗೆ ಹೋಗೋಕೇ ಅವಳು ಗಾಡಿ ಒಳಗೆ ಹಾಕ್ತಿರೋದು. ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೋ" ಎಂದಳು.

ಅವಳಿಗೆ ನನ್ನ ಮನೆಯ ವಿಷಯ ಏನೂ ಗೊತ್ತಿಲ್ಲ. ಸುಮ್ಮನೆ ಬಂದ ಮಾತು. ನಾನು ಹಿಂದಕ್ಕೆ ಹೋಗಿ ನೋಡಿದೆ. ಬಾಲ ಚೂರು ಚರಂಡಿಗೆ ಎಳೆದಿತ್ತು. ಬಿಟ್ಟಿದ್ದರೆ ಹೋಗಿಬಿಡುತ್ತಿತ್ತು. ಹತ್ತಿ, ಮುಂದಕ್ಕೆ ತೆಗೆದು, ನೇರ ಮಾಡಿ, ಮತ್ತೆ ಬಿಟ್ಟೆ. ಆಮೇಲೆ ಹಾರನ್ ಕೇಳಿಸಲಿಲ್ಲ. ಹೊಡೆಯುತ್ತಿದ್ದರೋ ನಿಲ್ಲಿಸಿದ್ದರೋ ತಿಳಿಯದು. ಇಳಿದೆ, ನೋಡಿದೆ, ಹತ್ತಿದೆ. ಕನ್ನಡಿಯಲ್ಲಿ ದಾಸ್ತಾನು ಕೋಣೆಯ ಹಸಿರು ಬಾಗಿಲು ದೊಡ್ಡದಾಗುತ್ತ ಬಂತು. ಅಂಗಡಿಯವನು ಒಳಗಿನಿಂದ ಕೈಯೆತ್ತಿ "ಸಾಕು, ಸಾಕು, ಒಳಗೇ ಬರ್ತೀರಾ?" ಎಂದ.

ಎಂಜಿನ್ ಆರಿಸಿ ಕೂತೆ. ಕಾಲು ಕ್ಲಚ್ಚಿನ ಮೇಲೇ ಇತ್ತು, ತೆಗೆಯಲು ಮರೆತಿದ್ದೆ.

ಮೇಸ್ತ್ರಿ ಗಾಡಿಯ ಎರಡೂ ಕಡೆ ಇಣುಕಿ, ಗೋಡೆಯನ್ನು ಬೆರಳಿನಿಂದ ಸವರಿ, ಬಗ್ಗಿ ಚರಂಡಿಯ ಕಲ್ಲು ನೋಡಿದರು. "ನನ್ನ ಮಂಡಿ ಹೋದ್ಮೇಲೆ ಈ ರೂಟು ನನಗೆ ಅಂತ ಅಂದ್ಕೊಂಡಿದ್ದೆ. ಈಗ ನೀನು ಬಿಟ್ಟುಕೊಡ್ತೀಯೋ ಇಲ್ವೋ" ಎಂದರು.

"ಕೊಡಲ್ಲ ಮೇಸ್ತ್ರಿ."

"ಗೊತ್ತಾಯ್ತು" ಎಂದು ಮ್ಯಾನೇಜರಿಗೆ ಫೋನ್ ಮಾಡಲು ಹೋದರು.

ಸೋಪಿನ ಪೆಟ್ಟಿಗೆ ಇಳಿಸುವಾಗ ಅಳು ಬಂತು, ಆದರೂ ಇಳಿಸಿದೆ. ಯಾಕೆಂದು ಅಂಗಡಿಯವನು ಕೇಳಿದ. ಸೋಪಿನ ವಾಸನೆ ಕಣ್ಣಿಗೆ ಹತ್ತಿತು ಎಂದೆ.

ಮನೆಗೆ ಬಂದಾಗ ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಮುಖ ನೋಡಿ ಒಳಗೆ ಹೋಗಿ ಒಲೆ ಹಚ್ಚಿದರು. ಅಲ್ಲಿಂದಲೇ, "ನಾಳೆ ಅವಳು ಬರ್ತಾಳಲ್ಲ, ನೀನು ಹೇಳ್ತೀಯೋ ನಾನು ಹೇಳ್ಲೋ?" ಎಂದರು. ನಾನೇ ಹೇಳುತ್ತೇನೆ ಎಂದೆ.

"ನಾನು ಹೇಳಿದ್ರೆ ಜಗಳ ಆಗುತ್ತೆ. ಅದೂ ಬೇಕಾಗಿತ್ತು ನನಗೆ" ಎಂದರು.

ಮಾರ್ಚ್ 31, ಮಂಗಳವಾರ

ರಾತ್ರಿ ಎಂಟು ಗಂಟೆ. ಇವತ್ತು ತಾತನ ಜೊತೆ ರೂಟೆಲ್ಲ ಸುತ್ತಿ ಅಂಗಡಿಗಳ ಪರಿಚಯ ಮಾಡಿಕೊಂಡೆ. ತಾತ ಪ್ರತಿ ಅಂಗಡಿಯಲ್ಲೂ "ಇವಳು ನನಗಿಂತ ಜಾಸ್ತಿ ಇಳೀತಾಳೆ" ಎಂದು ಹೇಳಿ ಹೊಗಳಿದರು. ಟಾರ್ಪಾಲಿನ ಹಗ್ಗ ಸವೆದಿದೆ. ಹೊಸದು ಕೇಳಬೇಕು, ಕೇಳದಿದ್ದರೆ ಯಾರ್ಡಿನವರು ಕೊಡುವವರಲ್ಲ.

ಅಕ್ಕ ಆಗಲೇ ಬಂದು ಕೂತಿದ್ದರು. ಅತ್ತೆ ಪುಟ್ಟಿಯ ಬಟ್ಟೆಯ ಚೀಲ ಕಟ್ಟಿರಲಿಲ್ಲ. ಅದನ್ನು ನೋಡಿಯೇ ಅಕ್ಕನ ಮುಖ ಸಣ್ಣದಾಗಿತ್ತು.

ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಊರೊಳಗಿನ ರೂಟು ಸಿಕ್ಕಿತು ಅಕ್ಕ. ದಿನಾ ಸಂಜೆ ಮನೆಗೆ ಬರ್ತೀನಿ. ಪುಟ್ಟಿ ಇಲ್ಲೇ ಇರಲಿ" ಎಂದೆ.

"ಮಂಚ ಜೋಡಿಸಿಟ್ಟಿದ್ದೆ" ಎಂದರು ಅಕ್ಕ.

"ಗೊತ್ತು."

"ಕಿಟಕಿ ಪಕ್ಕದಲ್ಲೇ ಹಾಕಿಸಿದ್ದೆ." ಸ್ವಲ್ಪ ಹೊತ್ತಾದ ಮೇಲೆ, "ನಿನಗೆ ಸಹಾಯ ಆಗ್ಲಿ ಅಂತಾನೇ ಅಂದಿದ್ದು ನಾನು. ಅಷ್ಟೇ ಅಲ್ಲ ಅನ್ನು. ಅವಳ ಹುಬ್ಬು ನೋಡಿದ್ರೆ ನನ್ನ ತಮ್ಮನ್ನೇ ನೋಡಿದ ಹಾಗಾಗುತ್ತೆ. ದಿನಾ ನೋಡ್ಕೊಂಡಿರಬಹುದು ಅಂತ ಆಸೆ ಪಟ್ಟೆ" ಎಂದು ಕಣ್ಣು ಒರೆಸಿಕೊಂಡರು.

"ನನಗೂ ಹಾಗೇ ಆಗುತ್ತೆ ಅಕ್ಕ" ಎಂದೆ. "ಭಾನುವಾರ ರಜಾ. ಭಾನುವಾರ ಭಾನುವಾರ ಬನ್ನಿ. ಇಲ್ಲ ನಾನೇ ಕರ್ಕೊಂಡು ಬರ್ತೀನಿ, ಮಂಚ ಅಲ್ಲೇ ಇರಲಿ. ಮಧ್ಯಾಹ್ನ ಅದರ ಮೇಲೆ ಮಲಗ್ತಾಳೆ."

"ಲಾರೀಲಿ ಕರ್ಕೊಂಡು ಬರ್ತೀಯಾ?" ಎಂದರು ಅಕ್ಕ, ಮೂಗು ಎಳೆದುಕೊಳ್ಳುತ್ತ.

"ಅವಳು ಬಂದ್ರೆ ನಿನ್ನ ಕಾಂಪೌಂಡು ಜೋಪಾನ" ಎಂದರು ಅತ್ತೆ.

ಮೂವರೂ ನಕ್ಕೆವು. ಪುಟ್ಟಿ ಯಾಕೆಂದು ತಿಳಿಯದೆ ನಮಗಿಂತ ಜೋರಾಗಿ ನಕ್ಕಳು. ಅಕ್ಕ ಊಟ ಮಾಡಿಯೇ ಹೋದರು. ಮೆಟ್ಟಿಲಿಳಿಯುವ ಮುಂಚೆ ಪುಟ್ಟಿಗೆ ಚಿಕ್ಕದಾದ ಅಂಗಿಯೊಂದನ್ನು ಕೇಳಿ ತೆಗೆದುಕೊಂಡರು. ಅತ್ತೆ ಒಳ್ಳೆಯದನ್ನೇ ಹುಡುಕಿ ಕೊಟ್ಟರು.

ಪುಟ್ಟಿಗೆ ನಿದ್ದೆ ಬಂದಿದೆ. ನನ್ನ ತೊಡೆಯ ಮೇಲೆ ಮಲಗಿರುವುದರಿಂದ ಪುಸ್ತಕವನ್ನು ಅವಳ ಬೆನ್ನಿಗೆ ಆನಿಸಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದೆ. ಹುಬ್ಬುಗಳು ಇವರವೇ, ಅಕ್ಕ ಹೇಳಿದ್ದು ನಿಜ. ಮೂಗು ಮಾತ್ರ ನನ್ನದು. ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ. ಇನ್ನೂ ಸೋರುತ್ತಿದೆ.

ನಾಳೆ ಲೋಡು ಬಕೆಟ್ಟು ಮತ್ತು ಪೊರಕೆ. ಸಂಜೆ ಆರೂವರೆಗೆ ಮನೆಯಲ್ಲಿರುತ್ತೇನೆ.